ಶಿಫ್ಟ್ ಮುಗಿದ ಮೇಲೆ ಉಳಿಯೋ ಸದ್ದು

ಆಫೀಸ್‌ನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಮೆಟಲ್ ಕೇಳೋರು ನಿಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಆಲ್ಬಮ್‌ನ ಕೊನೇಲಿ ಮಾತೇ ಇಲ್ಲದ ಉದ್ದನೆಯ ಟ್ರ್ಯಾಕ್ ಬಂತು ಅಂದ್ರೆ ಕೈ ಸೀದಾ ಸ್ಕಿಪ್ ಬಟನ್‌ಗೆ ಹೋಗುತ್ತೆ, ಅಲ್ವಾ? ಇವತ್ತು ಅಂಥದ್ದೇ ಒಂದು ಟ್ರ್ಯಾಕ್‌ನ ಹಿಂದಿರೋ ಇತಿಹಾಸ ನೋಡೋಣ. ಗಾಡ್‌ಫ್ಲೆಶ್ ಬ್ಯಾಂಡ್‌ನ 1992ರ ‘ಪ್ಯೂರ್’ ಸಿಡಿ ಮುಗಿಯೋದು ‘ಪ್ಯೂರ್ 2’ ಅನ್ನೋ ಟ್ರ್ಯಾಕ್‌ನಿಂದ. ಉದ್ದ 20 ನಿಮಿಷಕ್ಕೂ ಹೆಚ್ಚು.

ಮೊದಲು ಊರಿನ ಕಥೆ. ಬರ್ಮಿಂಗ್‌ಹ್ಯಾಮ್ ಅಂದ್ರೆ ಇಂಗ್ಲೆಂಡಿನ ಕಾರ್ಖಾನೆಗಳ ಊರು. 1965ರಲ್ಲಿ ಇಲ್ಲಿನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ದುಡೀತಿದ್ದ 17 ವರ್ಷದ ಟೋನಿ ಅಯೋಮಿಯ ಬಲಗೈಯ ಎರಡು ಬೆರಳಿನ ತುದಿಗಳು ಯಂತ್ರಕ್ಕೆ ಸಿಕ್ಕಿ ತುಂಡಾದವು. ಆತ ಎಡಚ. ಗಿಟಾರಿನ ತಂತಿ ಒತ್ತಬೇಕಾದದ್ದೇ ಆ ಬಲಗೈಲಿ. ಬೆರಳಿಗೆ ಪ್ಲಾಸ್ಟಿಕ್ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಬ್ಲ್ಯಾಕ್ ಸಬ್ಬತ್‌ನ ಆ ಭಾರವಾದ ಸದ್ದಿಗೆ ಇದೂ ಒಂದು ಕಾರಣ. ಅಂದ್ರೆ ಹೆವಿ ಮೆಟಲ್‌ನ ಹುಟ್ಟಿನಲ್ಲೇ ಕಾರ್ಖಾನೆ ಇದೆ.

1980ರ ದಶಕದ ಶುರುವಿನಲ್ಲಿ ಅದೇ ಊರಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸಾವಿರಾರು ಜನ ಕೆಲಸ ಕಳಕೊಂಡರು. ಆ ಕಾಲದಲ್ಲಿ ಅಲ್ಲೇ ಬೆಳೆದ ಜಸ್ಟಿನ್ ಬ್ರಾಡ್ರಿಕ್, ಗೆಳೆಯ ಜಿ.ಸಿ. ಗ್ರೀನ್ ಜೊತೆ 1988ರಲ್ಲಿ ಗಾಡ್‌ಫ್ಲೆಶ್ ಕಟ್ಟಿದ. ಒಬ್ಬನ ಕೈಲಿ ಗಿಟಾರ್, ಇನ್ನೊಬ್ಬನ ಕೈಲಿ ಬೇಸ್. ಡ್ರಮ್ಮರ್ ಇಲ್ಲ, ಅವನ ಜಾಗದಲ್ಲಿ ಡ್ರಮ್ ಮಷೀನ್. ಮನುಷ್ಯ ಬಾರಿಸಿದ್ರೆ ಕೈ ಸೋಲುತ್ತೆ, ಲಯ ಒಂಚೂರು ಆಚೀಚೆ ಆಗುತ್ತೆ. ಮಷೀನ್‌ಗೆ ಆ ದಣಿವಿಲ್ಲ. ‘ಪ್ಯೂರ್’ನ ಹಾಡುಗಳಲ್ಲಿ ಕೇಳೋದು ಆ ಕರುಣೆಯಿಲ್ಲದ ಹೊಡೆತವೇ.

ಇಲ್ಲೊಂದು ತಾಂತ್ರಿಕ ವಿಷಯವೂ ಇದೆ. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಒಳ್ಳೆ ಸದ್ದಿನಲ್ಲಿ ಹಿಡಿಸೋದು ಸುಮಾರು 20 ನಿಮಿಷ. ಸಿಡಿಗೆ 74 ನಿಮಿಷ. ‘ಪ್ಯೂರ್ 2’ ಬಂದದ್ದು ಸಿಡಿಯಲ್ಲಿ, ಎಲ್‌ಪಿಯಲ್ಲಿ ಅದು ಇರಲಿಲ್ಲ. ಹಾಡೋ ದನಿ ಇಲ್ಲ, ಮುಂದಕ್ಕೆ ತಳ್ಳೋ ಬೀಟ್ ಇಲ್ಲ. ಗಿಟಾರಿನ ನಾದ ಮಾತ್ರ ಎಳೆದಷ್ಟೂ ಎಳೆಯುತ್ತೆ, ನಿಧಾನಕ್ಕೆ ಬಣ್ಣ ಬದಲಾಯಿಸುತ್ತೆ.

ಬ್ಯಾಂಡ್ ಏನು ಅಂದುಕೊಂಡಿತ್ತೋ ಅದು ಬೇರೆ ಮಾತು, ನನಗೆ ಕೇಳಿಸೋದು ಇಷ್ಟು: ಯಂತ್ರದ ಎದುರು ದಿನವಿಡೀ ನಿಂತವನಿಗೆ ಅದು ಆಫ್ ಆದಮೇಲೂ ಕಿವಿಯಲ್ಲಿ ಸದ್ದು ನಿಲ್ಲಲ್ಲ. ಶಿಫ್ಟ್ ಮುಗಿದಿದೆ, ಮೈ ಇನ್ನೂ ಅಲ್ಲೇ ಇದೆ. ನಾಳೆ ಮತ್ತೆ ಶಿಫ್ಟ್ ಇದೆ ಅಂತ ಗೊತ್ತಿದ್ರೆ ಆ ಮೌನ ವಿಶ್ರಾಂತಿ. ಇಲ್ಲ ಅಂತಾದ್ರೆ ಅದೇ ಮೌನ ಭಯ. ಈ ಟ್ರ್ಯಾಕ್ ಎರಡರಲ್ಲಿ ಯಾವುದು ಅಂತ ಹೇಳದೆ ಮುಗಿಯುತ್ತೆ.

ಒಂದು ಸಲ ಮೊದಲಿಂದ ಇಡೀ ಆಲ್ಬಮ್ ಕೇಳಿ, ಕೊನೇದಕ್ಕೆ ಬಂದಾಗ ಸ್ಕಿಪ್ ಮಾಡ್ಬೇಡಿ. ಏನನಿಸ್ತು ಅಂತ ಕೆಳಗೆ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.