ಮೂವತ್ತೆರಡು ಸೆಲ್‌ಗಳ ಲೆಕ್ಕ

ಕಾಮಠಿಯಂಥ ಊರಿನಲ್ಲಿ ಬ್ಯಾಟರಿ ಎಂದರೆ ಮೊದಲಿಗೆ ಅರ್ಥವಾಗುತ್ತಿದ್ದದ್ದು ತೋಪುಗಳ ಸಾಲು. ನಾಗಪುರದ ಈಶಾನ್ಯಕ್ಕೆ, ಕನ್ಹಾನ್ ನದಿಯ ದಂಡೆಯಲ್ಲಿ ಬ್ರಿಟಿಷರು 1821ರಲ್ಲಿ ಕಟ್ಟಿದ ದಂಡುಪ್ರದೇಶ ಇದು. ಮದ್ರಾಸ್ ಸೈನ್ಯದ ಪಡೆಗಳು ಇಲ್ಲಿ ದಶಕಗಟ್ಟಲೆ ಬೀಡುಬಿಟ್ಟಿದ್ದವು. ‘ಕ್ಯಾಂಪ್ ಟಿ’ ಎಂಬುದೇ ಬಾಯಿಂದ ಬಾಯಿಗೆ ಸವೆದು ಕಾಮಠಿ ಆಯಿತೆಂಬ ಕತೆಯೂ ಉಂಟು. ಭಾಷಾಶಾಸ್ತ್ರ ಓದಿದವರಿಗೆ ಇಂಥ ಕತೆಗಳ ಮೇಲೆ ಅನುಮಾನ ಜಾಸ್ತಿ, ಅದಿರಲಿ. ಒಟ್ಟಾಗಿ ಗುಂಡು ಹಾರಿಸುವ ತೋಪುಗಳ ಸಾಲಿಗೆ ಇದ್ದ ಈ ಪದವನ್ನು ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯಲ್ಲಿ ವಿದ್ಯುತ್ ತುಂಬಿಡುವ ಗಾಜಿನ ಜಾಡಿಗಳ ಸಾಲಿಗೆ ಎರವಲು ಪಡೆದ. ಟಾರ್ಚಿನೊಳಗಿನ ಒಂಟಿ ಸೆಲ್ಲನ್ನೂ ನಾವು ಬ್ಯಾಟರಿ ಎನ್ನುತ್ತೇವಾದ್ದರಿಂದ ಆ ‘ಸಾಲು’ ಎಂಬ ಅರ್ಥ ಈಗ ಮರೆತುಹೋಗಿದೆ. ಹಳೆಯ ಡೀಸೆಲ್ ರೈಲು ಎಂಜಿನ್ನಿನ ಬಳಿ ಹೋದರೆ ಮಾತ್ರ ಅದನ್ನು ಮತ್ತೆ ನೆನಪಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಎಲ್ಲ ನಿಂತಿರುವುದು ಸಾಲಿನಲ್ಲಿ ಎಷ್ಟು ಸೆಲ್ ಇವೆ ಎಂಬುದರ ಮೇಲೆ.

ಮುಂಬೈ–ಹೌರಾ ಹೆದ್ದಾರಿ ಹಳಿ ಕಾಮಠಿಯ ಮೂಲಕವೇ ಹಾದುಹೋಗುತ್ತದೆ. ಮೊದಲು ನಾಗಪುರ–ಛತ್ತೀಸಗಢ ಮೀಟರ್ ಗೇಜ್, 1880ರ ದಶಕದ ಕೊನೆಗೆ ಬಂಗಾಳ ನಾಗಪುರ ರೈಲ್ವೆಯ ಬ್ರಾಡ್ ಗೇಜ್. ಸುತ್ತ ಕಲ್ಲಿದ್ದಲು ಗಣಿಗಳು, ಪಕ್ಕದಲ್ಲೇ ಕೋರಾಡಿ ಮತ್ತು ಖಾಪರಖೇಡಾ ಉಷ್ಣ ವಿದ್ಯುತ್ ಸ್ಥಾವರಗಳು. ಉಗಿ ಎಂಜಿನ್ನುಗಳ ಕಾಲಕ್ಕೂ ವಿದ್ಯುತ್ ತಂತಿಗಳ ಕಾಲಕ್ಕೂ ನಡುವೆ ಇಲ್ಲಿನ ಭಾರ ಎಳೆದದ್ದು ಡೀಸೆಲ್. ನಮ್ಮ ದೇಶದಲ್ಲಿ ಆ ಕಾಲದ ಡೀಸೆಲ್ ಎಂದರೆ ಬಹುಮಟ್ಟಿಗೆ ಅಮೆರಿಕದ ಆಲ್ಕೊ ಕಂಪನಿಯ ವಂಶ. 1950ರ ದಶಕದ ಕೊನೆಯಲ್ಲಿ ನೂರು ಡಬ್ಲ್ಯುಡಿಎಂ-1 ಎಂಜಿನ್ನುಗಳು ಬಂದವು. 1962ರಿಂದ ಡಬ್ಲ್ಯುಡಿಎಂ-2 ಬರತೊಡಗಿತು, 1964ರಿಂದ ಅದೇ ಮಾದರಿ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಕೃಷ್ಣರಾಜಪುರದ ಶೆಡ್ಡನ್ನೋ ಸಕಲೇಶಪುರದ ಘಾಟಿಯನ್ನೋ ಬಲ್ಲವರಿಗೆ ಈ ವಂಶದ ಗುಡುಗು, ಕಪ್ಪು ಹೊಗೆ ಎರಡೂ ಪರಿಚಿತ.

ಡಬ್ಲ್ಯುಡಿಎಂ-2ರದು ಹದಿನಾರು ಸಿಲಿಂಡರಿನ, 2600 ಅಶ್ವಶಕ್ತಿಯ ಎಂಜಿನ್. ಒಂದೊಂದು ಸಿಲಿಂಡರಿನ ಒಳಅಳತೆ ಒಂಬತ್ತು ಅಂಗುಲ. ಇದನ್ನು ಎಬ್ಬಿಸಲು ಕಾರಿನಲ್ಲಿರುವಂಥ ಪುಟ್ಟ ಸ್ಟಾರ್ಟರ್ ಮೋಟರ್ ಇಲ್ಲ. ಚಕ್ರಗಳ ಮೋಟರುಗಳಿಗೆ ವಿದ್ಯುತ್ ಕೊಡುವ ದೊಡ್ಡ ಜನರೇಟರೇ ಆ ಕೆಲವು ಕ್ಷಣ ಮೋಟರಾಗಿ ತಿರುಗಿ ಕ್ರ್ಯಾಂಕ್‌ಶಾಫ್ಟನ್ನು ಸುತ್ತಿಸುತ್ತದೆ. ಕರೆಂಟು ಬರುವುದು ಬ್ಯಾಟರಿಯಿಂದ: ಎಂಟು ವೋಲ್ಟಿನ ಎಂಟು ಪೆಟ್ಟಿಗೆ, ಒಂದೊಂದರಲ್ಲಿ ನಾಲ್ಕು ಸೆಲ್, ಒಟ್ಟು 32 ಸೆಲ್, 64 ವೋಲ್ಟ್, 450 ಆಂಪಿಯರ್-ಅವರ್. ಎಂಜಿನ್ ಎದ್ದ ಮೇಲೆ ಸಹಾಯಕ ಜನರೇಟರ್ 72 ವೋಲ್ಟ್ ಕೊಟ್ಟು ಇವನ್ನು ಮತ್ತೆ ತುಂಬಿಸುತ್ತದೆ. ಬ್ಯಾಟರಿ ಸತ್ತರೆ ಹಳೆಯ ಬಸ್ಸಿನ ಹಾಗೆ ತಳ್ಳಿ ಸ್ಟಾರ್ಟ್ ಮಾಡುವ ಉಪಾಯವೂ ಇಲ್ಲ, ಏಕೆಂದರೆ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಇರುವುದು ತಂತಿ, ಗೇರಲ್ಲ. ಪಕ್ಕಕ್ಕೆ ಇನ್ನೊಂದು ಲೋಕೊ ತಂದು ನಿಲ್ಲಿಸಿ ಕೇಬಲ್ ಎಳೆಯಬೇಕು.

ಇಂಥ ಎಂಜಿನ್ನಿಗೆ ಹೊಸ ಬ್ಯಾಟರಿ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಆಂಪಿಯರ್-ಅವರ್. ಗಂಟೆಗಟ್ಟಲೆ ದೀಪ ಉರಿಸಬೇಕಾದಲ್ಲಿ ಅದು ಸರಿ. ಇಲ್ಲಿ ಕೆಲಸ ಕೆಲವು ಸೆಕೆಂಡುಗಳದ್ದು, ಆದರೆ ಶಾಫ್ಟ್ ನಿಂತಲ್ಲಿಂದ ಮಿಸುಕುವ ಆ ಗಳಿಗೆಯಲ್ಲಿ ಕರೆಂಟು ಸಾವಿರ ಆಂಪಿಯರ್ ದಾಟುತ್ತದೆ. ಒಂದು ಸೆಲ್ಲಿನ ಒಳರೋಧ ಅರ್ಧ ಮಿಲಿಓಮ್ ಎಂದು ಇಟ್ಟುಕೊಳ್ಳಿ. 32 ಸೆಲ್ಲಿಗೆ 16 ಮಿಲಿಓಮ್. ಸಾವಿರ ಆಂಪಿಯರ್ ಹರಿದಾಗ 16 ವೋಲ್ಟ್ ಬ್ಯಾಟರಿಯ ಒಳಗೇ ಕರಗಿತು, ಹೊರಗೆ ಸಿಕ್ಕಿದ್ದು 48. ನಿಂತು ನಿಂತು ಫಲಕಗಳಿಗೆ ಸಲ್ಫೇಟ್ ಹತ್ತಿ ರೋಧ ಎರಡರಷ್ಟಾದರೆ ಹೊರಗೆ ಸಿಗುವುದು 32. ಅದೇ ಬ್ಯಾಟರಿ ಸುಮ್ಮನೆ ಮೀಟರ್ ಹಿಡಿದರೆ 64 ತೋರಿಸುತ್ತಲೇ ಇರುತ್ತದೆ! ಇಂಧನ ಪಂಪಿನ ಮೋಟರ್, ಗವರ್ನರ್, ರಿಲೇಗಳು ಎಲ್ಲ ಈ ಉಳಿದ ವೋಲ್ಟಿನಲ್ಲೇ ಬದುಕಬೇಕು. ಶಾಫ್ಟ್ ನಿಧಾನವಾಗಿ ಸುತ್ತುತ್ತದೆ, ಸಿಲಿಂಡರಿನ ಗಾಳಿ ಸಾಕಷ್ಟು ಕಾಯುವುದಿಲ್ಲ, ಚಾಲಕ ಗುಂಡಿಯನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುತ್ತಾನೆ, ಕಾಂಟ್ಯಾಕ್ಟರಿನ ತುದಿಗಳು ಸುಟ್ಟುಹೋಗುತ್ತವೆ. ಹಾಗಾಗಿ ಹೊಸ ಸೆಟ್ ಕೊಡುವವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಸಾವಿರ ಆಂಪಿಯರ್ ಎಳೆದಾಗ ಎಷ್ಟು ವೋಲ್ಟ್ ಉಳಿಯುತ್ತದೆ?

ಸುಲಭವಾಗಿ ಸಿಗುವುದು ಲಾರಿಯ 12 ವೋಲ್ಟ್ ಬ್ಯಾಟರಿ. ಐದನ್ನು ಸಾಲಾಗಿ ಜೋಡಿಸಿದರೆ 60, ಆರನ್ನು ಜೋಡಿಸಿದರೆ 72. ಎಂಜಿನ್ನಿನ 72 ವೋಲ್ಟನ್ನು ಆರಕ್ಕೆ ಹಂಚಿದರೆ ತಲಾ 12 ಬರುತ್ತದೆ, ಅಷ್ಟರಲ್ಲಿ ಅವು ಎಂದೂ ಪೂರ್ತಿ ತುಂಬುವುದಿಲ್ಲ. ಐದಕ್ಕೆ ಹಂಚಿದರೆ ತಲಾ 14.4, ಬೇಗ ತುಂಬುತ್ತವೆ, ಆದರೆ ಎಂಜಿನ್ ದಿನವಿಡೀ ಓಡಿದರೆ ನೀರು ಕುದಿದ ಹಾಗೆ ಗ್ಯಾಸಾಗಿ ಹೋಗುತ್ತದೆ. ಅದೇ 72ನ್ನು 32 ಸೆಲ್ಲಿಗೆ ಹಂಚಿ ನೋಡಿ: 2.25. ಸೀಸ-ಆಮ್ಲದ ಸೆಲ್ಲನ್ನು ವರ್ಷಗಟ್ಟಲೆ ತುಂಬಿದ ಸ್ಥಿತಿಯಲ್ಲಿಡಲು ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಹಳೆಯ ವಿನ್ಯಾಸಕಾರರು 32 ಎಂಬ ಸಂಖ್ಯೆಯನ್ನು ಸುಮ್ಮನೆ ಹಿಡಿದಿರಲಿಲ್ಲ.

ಹಾಗಾದರೆ ನೀರು ಹಾಕುವ ಗೋಜೇ ಇಲ್ಲದ, ಮುಚ್ಚಿದ ಸೆಲ್‌ಗಳ ಬ್ಯಾಟರಿ? ಅದಕ್ಕೂ 2.25ರ ಆಸುಪಾಸೇ ಬೇಕು, ಕಾಗದದ ಮೇಲೆ ಲೆಕ್ಕ ಕೂಡುತ್ತದೆ. ತೊಡಕು ಇರುವುದು ಊರಿನಲ್ಲಿ. ಹಳೆಯ ಡೀಸೆಲ್ ಉಳಿಸಿಕೊಂಡಿರುವ ಇಂಗ್ಲೆಂಡಿನ, ಅಮೆರಿಕದ ಉತ್ಸಾಹಿಗಳು ಬ್ಯಾಟರಿ ಬಗ್ಗೆ ಬರೆಯುವಾಗ ಚಳಿಯನ್ನೇ ಬೈಯುತ್ತಾರೆ: ದಪ್ಪಗಾದ ಎಣ್ಣೆ, ಮಂದವಾದ ರಾಸಾಯನಿಕ ಕ್ರಿಯೆ. ನಾಗಪುರ–ಕಾಮಠಿಯ ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ಮುಟ್ಟುತ್ತದೆ, ಬಿಸಿಲಿನಲ್ಲಿ ನಿಂತ ಲೋಕೊದ ಕಬ್ಬಿಣದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಈ ಬಿಸಿಯಲ್ಲಿ ಬ್ಯಾಟರಿ ಚೆನ್ನಾಗಿಯೇ ಎಂಜಿನ್ ಎಬ್ಬಿಸುತ್ತದೆ, ಆದರೆ ಆಯುಸ್ಸು ಸೋರಿಹೋಗುತ್ತದೆ. ಸುಮಾರು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧ ಎಂಬುದು ಈ ಕಸುಬಿನವರ ಲೆಕ್ಕ. ಬೆಂಗಳೂರಿನಲ್ಲಿ ಬಾಳುವ ಸೆಟ್ ಇಲ್ಲಿ ಅಷ್ಟು ಬಾಳದು. ಮೇಲಾಗಿ ಕಾವು ಏರಿದಂತೆ ಚಾರ್ಜಿಂಗ್ ವೋಲ್ಟ್ ಇಳಿಸಬೇಕು, ಡಿಗ್ರಿಗೆ ಸೆಲ್ಲೊಂದಕ್ಕೆ ಮೂರು ಮಿಲಿವೋಲ್ಟ್. 25ರಿಂದ 45 ಡಿಗ್ರಿಗೆ ಹೋದರೆ 32 ಸೆಲ್ಲಿಗೆ ಹತ್ತಿರಹತ್ತಿರ ಎರಡು ವೋಲ್ಟ್. ಅರುವತ್ತರ ದಶಕದ ರೆಗ್ಯುಲೇಟರಿಗೆ ಹವಾಮಾನ ಗೊತ್ತಿಲ್ಲ, ಅದು 72 ಕೊಡುತ್ತಲೇ ಇರುತ್ತದೆ. ತೆರೆದ ಸೆಲ್ಲಾದರೆ ನೀರು ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತದೆ, ಡಿಸ್ಟಿಲ್ಡ್ ವಾಟರ್ ಹುಯ್ಯಬಹುದು. ಮುಚ್ಚಿದ್ದು ಒಳಗೊಳಗೇ ಒಣಗಿ ಒಂದು ಬೆಳಿಗ್ಗೆ ಕೈಕೊಡುತ್ತದೆ.

ನಿಕೆಲ್-ಕ್ಯಾಡ್ಮಿಯಂ ಈ ಬಿಸಿಲನ್ನು ತಡೆಯುತ್ತದೆ, ಒಳರೋಧವೂ ಕಡಿಮೆ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದದ್ದು ಅದು. ಸೆಲ್ಲೊಂದಕ್ಕೆ 1.2 ವೋಲ್ಟ್, ಚಾರ್ಜಿಗೆ ಸುಮಾರು 1.42 ಬೇಕು, ಅಂದರೆ 72ರಲ್ಲಿ 50 ಸೆಲ್ ಹಿಡಿಯುತ್ತವೆ. ಬೆಲೆ ಹಲವು ಪಟ್ಟು, ಕ್ಯಾಡ್ಮಿಯಂ ವಿಷ, ಆಮ್ಲದ ಬ್ಯಾಟರಿಗೆ ಮುಟ್ಟಿಸಿದ ಹೈಡ್ರೋಮೀಟರನ್ನು ತಪ್ಪಿಯೂ ಇದಕ್ಕೆ ಅದ್ದಬಾರದು. ದುಡ್ಡಿದ್ದ ಮ್ಯೂಸಿಯಮ್ಮಿಗೆ ಇದು ಒಳ್ಳೆಯದೇ. ನನ್ನನ್ನು ಕೇಳಿದರೆ, ಆ್ಯಂಟಿಮನಿ ಕಡಿಮೆ ಇರುವ ತೆರೆದ ಸೀಸದ 32 ಸೆಲ್, ಅದರ ಜೊತೆಗೆ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ಒಬ್ಬ ಮನುಷ್ಯ. ಆ ಮನುಷ್ಯ ಸಿಗುವುದೇ ಕಷ್ಟ ಎನ್ನುವುದಾದರೆ ಯಾವ ಬ್ಯಾಟರಿ ಕೊಂಡರೂ ಅಷ್ಟೆ.

ಬ್ಯಾಟರಿಯ ಮೇಲಿನ ಅಪನಂಬಿಕೆ ನಮ್ಮ ರೈಲ್ವೆಯ ಒಂದು ಅಭ್ಯಾಸವನ್ನೇ ರೂಪಿಸಿತು. ಡೀಸೆಲ್ ಎಂಜಿನ್ನುಗಳು ಗಂಟೆಗಟ್ಟಲೆ ಯಾರ್ಡಿನಲ್ಲಿ ಸುಮ್ಮನೆ ಗುರುಗುಡುತ್ತ ನಿಂತಿರುತ್ತಿದ್ದುದನ್ನು ನೀವು ನೋಡಿರುತ್ತೀರಿ. ಬ್ರೇಕಿಗೆ ಗಾಳಿ ಬೇಕೆಂಬುದು ಒಂದು ಕಾರಣವಾದರೆ, ಆರಿಸಿದರೆ ಮತ್ತೆ ಏಳದಿದ್ದರೆ ಎಂಬ ಭಯ ಇನ್ನೊಂದು. ಹೀಗೆ ನಿಂತಲ್ಲೇ ಗಂಟೆಗೆ ಸುಮಾರು 25 ಲೀಟರ್ ಡೀಸೆಲ್ ಉರಿಯುತ್ತಿತ್ತು. ಗಾಳಿಯನ್ನೂ ಬ್ಯಾಟರಿಯನ್ನೂ ನೋಡಿಕೊಳ್ಳಲು ಪ್ರತ್ಯೇಕ ಸಣ್ಣ ಎಂಜಿನ್ ಜೋಡಿಸುವ ಏರ್ಪಾಡು ಬಂದದ್ದು ಬಹಳ ತಡವಾಗಿ.

ಕಾಮಠಿ ರಸ್ತೆಯ ಬದಿಯ ಮೋತಿಬಾಗ್‌ನಲ್ಲಿ ನ್ಯಾರೋ ಗೇಜಿನ ಕತೆ ಬೇರೆ. ಅಲ್ಲಿನ ಜೆಡ್‌ಡಿಎಂ ಎಂಜಿನ್ನುಗಳದ್ದು ಹೈಡ್ರಾಲಿಕ್ ಪ್ರಸರಣ. ಚಕ್ರಕ್ಕೆ ಶಕ್ತಿ ಹೋಗುವುದು ಎಣ್ಣೆಯ ಮೂಲಕವಾದ್ದರಿಂದ, ಸ್ಟಾರ್ಟರಾಗಿ ದುಡಿಸಿಕೊಳ್ಳಲು ದೊಡ್ಡ ಜನರೇಟರೇ ಅವಕ್ಕಿಲ್ಲ. ಆಲ್ಕೊದ ಲೆಕ್ಕ ಹಿಡಿದು ಅಲ್ಲಿಗೆ ಬ್ಯಾಟರಿ ಒಯ್ಯುವಂತಿಲ್ಲ, ಆ ಎಂಜಿನ್ನಿನ ನಾಮಫಲಕ, ಸರ್ಕ್ಯೂಟಿನ ನಕ್ಷೆ ನೋಡಿಯೇ ಸೆಲ್ ಎಣಿಸಬೇಕು. ಆ ಹಳಿಗಳಾದರೂ ಈಗ ಎಲ್ಲಿ? ಛಿಂದವಾಡಾ ಕಡೆಯ ನ್ಯಾರೋ ಗೇಜ್ 2015ರಲ್ಲಿ ನಿಂತಿತು, ನಾಗಭೀಡ್ ಕಡೆಯದು 2019ರಲ್ಲಿ. ಮೋತಿಬಾಗ್‌ನಲ್ಲಿ 2002ರಲ್ಲಿ ತೆರೆದ ನ್ಯಾರೋ ಗೇಜ್ ವಸ್ತುಸಂಗ್ರಹಾಲಯ ಉಳಿದಿದೆ.

ರೈಲ್ವೆಯ ನಿಯಮದಲ್ಲಿ ಡೀಸೆಲ್ ಲೋಕೊದ ಆಯುಸ್ಸು 36 ವರ್ಷ. ಬ್ಯಾಟರಿಯದು ನಾಲ್ಕೈದು ವರ್ಷ ಎಂದಿಟ್ಟುಕೊಂಡರೂ ಒಂದು ಎಂಜಿನ್ ಏಳೆಂಟು ಸೆಟ್ ತಿಂದಿರುತ್ತದೆ. ಹಾಗಾಗಿ ಮೂಲ ಬ್ಯಾಟರಿ ಇರುವ ಹಳೆಯ ಡೀಸೆಲ್ ಹುಡುಕಿದರೂ ಸಿಗದು. ಎಂಜಿನ್ ಕೆಲಸದಿಂದ ಇಳಿದಾಗ ಮೊದಲು ಬಿಚ್ಚುವುದೂ ಅದನ್ನೇ, ಏಕೆಂದರೆ ಇನ್ನೊಂದು ಎಂಜಿನ್ನಿಗೆ ಹಾಕಬಹುದು, ಇಲ್ಲದಿದ್ದರೆ ಸೀಸಕ್ಕೆ ಬೆಲೆಯಿದೆ. ಕಟ್ಟೆಯ ಮೇಲೆ ನಿಲ್ಲಿಸುವಾಗ ಬಣ್ಣಕ್ಕೆ, ನಂಬರ್ ಬರೆಯುವುದಕ್ಕೆ, ಸುತ್ತ ಹುಲ್ಲು ಬೆಳೆಸುವುದಕ್ಕೆ ಹಣ ಬರುತ್ತದೆ. ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಆಮ್ಲ ತಿಂದ ತಗಡು, ತುದಿಯಲ್ಲಿ ಹಸಿರು ಕಟ್ಟಿದ ಎರಡು ಕೇಬಲ್.