ನಗಿರೆಯ ಸೀಮೆ, ಕಾವ್ಯದ ಕಾಪು

ಘಟ್ಟದ ನೆತ್ತಿಯಿಂದ ಜೋಗದಲ್ಲಿ ಧುಮುಕಿದ ಶರಾವತಿ, ಗೇರುಸೊಪ್ಪೆಯನ್ನು ದಾಟುತ್ತಲೇ ಆವೇಶವಿಳಿದು, ಅಡಿಕೆ ತೋಟಗಳ ನಡುವೆ ಹರಿದು ಹೊನ್ನಾವರದ ಅಳಿವೆಯಲ್ಲಿ ಕಡಲನ್ನು ಕೂಡುತ್ತಾಳೆ. ಈ ನದಿಯ ತೆಂಕಣಕ್ಕೆ ಇಡಗುಂಜಿ. ಇನ್ನೂ ತೆಂಕಣಕ್ಕೆ ಭಟ್ಕಳ, ಅದರ ಒಳನಾಡಿನಲ್ಲಿ ಸಂಗೀತಪುರವೆಂದು ಹೆಸರಾದ ಹಾಡುವಳ್ಳಿ. ಒಂದು ಕಾಲಕ್ಕೆ ಸಾಳ್ವ ಅರಸರು ಆಳಿದ ನಗಿರೆಯ ಸೀಮೆಯಿದು. ಘಟ್ಟದ ಮೆಣಸು ಹೊಳೆಯ ದಾರಿಯಾಗಿ ಇಳಿದು ಹಡಗು ಹತ್ತುತ್ತಿತ್ತು. ಆ ಮೆಣಸಿನ ಘಾಟಿಗೆ ಪೋರ್ಚುಗೀಸರೂ ಬಂದರು. 1542ರಲ್ಲಿ ಅವರ ದಂಡು ಭಟ್ಕಳವನ್ನು ಸುಟ್ಟಿತು.

ಇದೇ ಶತಮಾನದಲ್ಲಿ ಗೇರುಸೊಪ್ಪೆಯ ಅಭಿನವ ವಾದಿ ವಿದ್ಯಾನಂದ ಬೇರೊಂದು ಸಂಪತ್ತನ್ನು ಕೂಡಿಹಾಕುತ್ತಿದ್ದ. ರಾಜಸಭೆಗಳಲ್ಲಿ ಆತ ಗೆದ್ದ ವಾದಗಳನ್ನು ಹುಂಚದ ಶಾಸನ ಹೊಗಳುತ್ತದೆ. ಆದರೆ ಕನ್ನಡಿಗರಿಗೆ ಅವನು ಉಳಿಸಿಹೋದದ್ದು ‘ಕಾವ್ಯಸಾರ’: ಸುಮಾರು 900ರಿಂದ 1430ರವರೆಗಿನ ಕವಿಗಳ ಕೃತಿಗಳಿಂದ ಆಯ್ದ 1,143 ಪದ್ಯಗಳ ಸಂಕಲನ. ಹೊಯ್ಸಳರ ಕಾಲದಲ್ಲಿ, 1245ರ ಸುಮಾರಿಗೆ, ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದಲ್ಲಿ ಹಾಕಿಕೊಟ್ಟ ಜಾಡಿನಲ್ಲೇ ಇದೂ ನಡೆಯುತ್ತದೆ, ಅವನ ನಂತರದ ಕವಿಗಳನ್ನೂ ಒಳಗೊಳ್ಳುತ್ತದೆ.

ಆ ಜಾಡು ಅಷ್ಟಾದಶ ವರ್ಣನೆಯದು. ಮಹಾಕಾವ್ಯವೆನಿಸಬೇಕಾದರೆ ಹದಿನೆಂಟು ಸಂಗತಿಗಳನ್ನು ವರ್ಣಿಸಬೇಕೆಂಬುದು ಹಳೆಯ ಕಟ್ಟಳೆ. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನ: ಇದು ನೆಲದ ಚಿತ್ರ. ಮಂತ್ರಾಲೋಚನೆ, ದೂತ, ದಂಡಯಾತ್ರೆ, ಯುದ್ಧ: ಇದು ಚರಿತ್ರೆ. ಜಲಕ್ರೀಡೆ, ವಿರಹ, ವಿವಾಹ, ಪುತ್ರೋದಯ: ಇದು ಮನುಷ್ಯನ ಜೀವಚೈತನ್ಯ. ಪಟ್ಟಿಯನ್ನು ನೋಡಿ ‘ಬರಿಯ ಸವಕಲು’ ಎಂದು ಮೂಗು ಮುರಿಯುವುದು ಸುಲಭ. ಕಡಲನ್ನೇ ಕಾಣದ ಒಳನಾಡಿನ ಕವಿಯೂ ಕಟ್ಟಳೆಗೆ ಕಟ್ಟುಬಿದ್ದು ಕಡಲನ್ನು ಬಣ್ಣಿಸಬೇಕಿತ್ತು. ಆದರೆ ಗೇರುಸೊಪ್ಪೆಯಲ್ಲಿ ಕೂತು ಓದಿದವನಿಗೆ ಬೆನ್ನ ಹಿಂದೆಯೇ ಪರ್ವತ, ಹೊಳೆಯ ತುದಿಯಲ್ಲೇ ಸಮುದ್ರ, ಮೆಣಸಿನ ಪಾಲಿಗೆ ಕಾದ ಯುದ್ಧವೂ ಅಲ್ಲೇ. ಗ್ರಂಥದ ವರ್ಣನೆಯನ್ನು ಕಣ್ಣೆದುರಿನ ನೆಲಕ್ಕೆ ಹಿಡಿದು ನೋಡಬಲ್ಲ ಭಾಗ್ಯ ಈ ಸೀಮೆಯ ಓದುಗನದಾಗಿತ್ತು.

1550ರ ಸುಮಾರಿಗೆ ಈ ಸೀಮೆಯ ಅರಸ ಸಾಳ್ವಮಲ್ಲನ ಆಸ್ಥಾನಕವಿ ಸಾಳ್ವ, ಜೈನ ಪರಂಪರೆಯ ಭಾರತಕಥೆಯನ್ನು ಷಟ್ಪದಿಯಲ್ಲಿ ಹಾಡಿದ. ಗದುಗಿನ ನಾರಣಪ್ಪನ ಭಾರತ ಮನೆಮಾತಾಗಿದ್ದಾಗ ಅದಕ್ಕೆ ಎದುರಾಗಿ ‘ಸಾಳ್ವ ಭಾರತ’ವನ್ನು ನಿಲ್ಲಿಸಹೊರಟದ್ದು ಸಣ್ಣ ಎದೆಗಾರಿಕೆಯಲ್ಲ. 1604ರಲ್ಲಿ ಭಟ್ಟಾಕಳಂಕದೇವ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ ವ್ಯಾಕರಣವನ್ನು ಮುಗಿಸಿದ. ಸೂತ್ರ ಸಂಸ್ಕೃತದಲ್ಲಿದ್ದರೂ ಲಕ್ಷ್ಯವೆಲ್ಲ ಕನ್ನಡ. ಶಾಸ್ತ್ರಕ್ಕೆ ಕನ್ನಡ ತಕ್ಕ ಭಾಷೆಯೆಂಬುದೇ ಅವನ ವಾದ.

ಆಗ ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡ ನಗಿರೆಯ ಚೆನ್ನಭೈರಾದೇವಿಯ ಆಳ್ವಿಕೆಯ ಸಂಜೆ. ಅರ್ಧ ಶತಮಾನ ಆಳಿದ ಆಕೆಯ ರಾಜ್ಯವನ್ನು ಕೆಳದಿಯ ಹಿರಿಯ ವೆಂಕಟಪ್ಪನಾಯಕ ವಶಪಡಿಸಿಕೊಂಡ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಹೊಳೆಯೇರಿ ಗೇರುಸೊಪ್ಪೆಗೆ ಬಂದಾಗ ಕಂಡದ್ದು, ಮರಗಿಡ ಮುಸುಕಿದ ಹಾಳು ಪಟ್ಟಣ. ಇಂದು ಅಲ್ಲಿನ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಉಳಿದಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಜಿನಬಿಂಬ. ಹೊರಗೆ ತಿರುಗಿದರೆ ಮರಗಳ ಸಾಲು.

ಪಟ್ಟಣ ಅಳಿದರೂ ಸೀಮೆಯಲ್ಲಿ ಪದ್ಯದ ಸದ್ದಡಗಲಿಲ್ಲ. ಅದು ಅರಮನೆಯಿಂದ ಗದ್ದೆಬಯಲಿನ ರಂಗಸ್ಥಳಕ್ಕೆ ಬಂತು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮೇಳಕ್ಕೆ ಇಡಗುಂಜಿ ಮಹಾಗಣಪತಿಯ ಹೆಸರಿಟ್ಟರು. ಚೌಕಿಯಲ್ಲಿ ಗಣಪತಿ ಪೂಜೆಯಾಗಿ, ಭಾಗವತರು ಪದ ಎತ್ತಿದರೆ ಷಟ್ಪದಿ ಮತ್ತೆ ಜೀವ ತಳೆಯುತ್ತದೆ. ಪದ್ಯ ಕವಿಯದು, ಅರ್ಥ ವೇಷಧಾರಿಯದು. ಇದ್ದದ್ದು ಕೆಲವೇ ಸಾಲಾದರೂ, ಬಲ್ಲ ಕಲಾವಿದ ಅದರೊಳಗಿಂದ ಒಂದು ವನವನ್ನು, ಒಂದು ರಣವನ್ನು, ಒಂದು ಬಾಳಿನ ಸಂಕಟವನ್ನು ಕಣ್ಣಿಗೆ ಕಟ್ಟುತ್ತಾನೆ. ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ, ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು.

ನಗಿರೆಯ ಚರಿತ್ರೆಯೆಂದರೆ ನಮಗೆ ಮೆಣಸಿನ ಲೆಕ್ಕ, ಕೋಟೆ, ಒಪ್ಪಂದಗಳೇ ನೆನಪಾಗುತ್ತವೆ. ಕಡತಗಳು ಹೇಳುವುದು ಯಾರು ಗೆದ್ದರು, ಎಷ್ಟು ಕಪ್ಪ ಕೊಟ್ಟರು ಎಂಬುದನ್ನು. ಆ ಜನ ಯಾವುದನ್ನು ಚೆಲುವೆಂದರು, ಯಾವುದಕ್ಕೆ ಮರುಗಿದರು ಎಂಬುದಕ್ಕೆ ಸಾಕ್ಷಿ ಕಾವ್ಯ. ಶಾಸನದ ಪಕ್ಕದಲ್ಲಿ ‘ಕಾವ್ಯಸಾರ’ವನ್ನೂ ‘ಸಾಳ್ವ ಭಾರತ’ವನ್ನೂ ಇಟ್ಟು ಓದದೆ ಈ ಸೀಮೆಯ ಇತಿಹಾಸ ಪೂರ್ಣವಾಗದು.