ಫವಾದ್ ಮಿರ್ಜಾ

ಫವಾದ್ ಮಿರ್ಜಾ (ಜನನ: 6 ಮಾರ್ಚ್ 1992) ಬೆಂಗಳೂರಿನ ಅಶ್ವಾರೋಹಿ. ಈವೆಂಟಿಂಗ್ ಎಂಬ ಮೂರು ಹಂತಗಳ ಕುದುರೆ ಸವಾರಿ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಪದಕ ಗಳಿಸಿದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ವೈಯಕ್ತಿಕ ಪದಕ ದೊರೆತದ್ದು 1982ರ ನಂತರ ಅದೇ ಮೊದಲು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

ಹಿನ್ನೆಲೆ

ಮಿರ್ಜಾ ಅವರದು ತಲೆಮಾರುಗಳಿಂದ ಕುದುರೆಗಳ ಒಡನಾಟವಿರುವ ಕುಟುಂಬ. ತಂದೆ ಅಶ್ವವೈದ್ಯರು. ಬಾಲ್ಯದಲ್ಲಿಯೇ ಸವಾರಿ ಕಲಿತ ಅವರು ಬೆಂಗಳೂರಿನ ಹೊರವಲಯದಲ್ಲಿರುವ ಎಂಬೆಸಿ ಅಂತರರಾಷ್ಟ್ರೀಯ ಸವಾರಿ ಶಾಲೆಯಲ್ಲಿ ತರಬೇತಿ ಪಡೆದರು.

ಕರ್ನಾಟಕದಲ್ಲಿ ಕುದುರೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರು ಟರ್ಫ್ ಕ್ಲಬ್‌ನ ಪಂದ್ಯಗಳು ಮತ್ತು ಕುಣಿಗಲ್‌ನ ಅಶ್ವಪಾಲನಾ ಕೇಂದ್ರ. ಆದರೆ ಆ ಪಂದ್ಯಗಳು ಸಮತಟ್ಟಾದ ಪಥದಲ್ಲಿ ನಡೆಯುವ ಓಟಗಳು. ಬ್ರಿಟನ್, ಐರ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ಜನಪ್ರಿಯವಾಗಿರುವ, ಬೇಲಿಗಳನ್ನು ಹಾರಿಸುತ್ತ ಓಡಿಸುವ ಜಂಪ್ ಜಾಕಿಗಳ ವೃತ್ತಿ ಇಲ್ಲಿ ಬೆಳೆದಿಲ್ಲ. ಅಡೆತಡೆಗಳನ್ನು ಹಾರಿಸುವ ಸವಾರರಿಗೆ ಭಾರತದಲ್ಲಿ ಇರುವ ನೆಲೆ ಷೋ ಜಂಪಿಂಗ್ ಮತ್ತು ಈವೆಂಟಿಂಗ್. ಬಹುಕಾಲ ಈ ಕ್ರೀಡೆಗಳಲ್ಲಿ ಸೇನೆಯ ಸವಾರರದೇ ಪ್ರಾಬಲ್ಯವಿತ್ತು.

ಸ್ಪರ್ಧೆಯ ಸ್ವರೂಪ

ಈವೆಂಟಿಂಗ್‌ನಲ್ಲಿ ಸವಾರನೂ ಕುದುರೆಯೂ ಒಂದೇ ಜೋಡಿಯಾಗಿ ಮೂರು ಹಂತಗಳನ್ನು ದಾಟಬೇಕು. ಮೊದಲನೆಯ ಡ್ರೆಸಾಜ್ ಹಂತದಲ್ಲಿ ಕುದುರೆಯ ವಿಧೇಯತೆ ಮತ್ತು ನಡೆಯ ಲಯವನ್ನು ತೀರ್ಪುಗಾರರು ಅಳೆಯುತ್ತಾರೆ. ಎರಡನೆಯದಾದ ಕ್ರಾಸ್ ಕಂಟ್ರಿಯಲ್ಲಿ ದಿಮ್ಮಿ, ಹಳ್ಳ, ನೀರಿನ ಹೊಂಡಗಳನ್ನು ನಿಗದಿತ ಸಮಯದೊಳಗೆ ದಾಟಬೇಕು. ತಡವಾದ ಪ್ರತಿ ಸೆಕೆಂಡಿಗೆ 0.4 ದಂಡಾಂಕ ಸೇರುತ್ತದೆ. ಕೊನೆಯ ಷೋ ಜಂಪಿಂಗ್‌ನಲ್ಲಿ ಬೀಳಿಸಿದ ಪ್ರತಿ ಅಡ್ಡಗಂಬಕ್ಕೆ 4 ದಂಡಾಂಕ. ಒಟ್ಟು ದಂಡಾಂಕ ಅತಿ ಕಡಿಮೆ ಇರುವ ಜೋಡಿ ಗೆಲ್ಲುತ್ತದೆ.

2018ರ ಏಷ್ಯನ್ ಕ್ರೀಡಾಕೂಟ

ಜಕಾರ್ತಾದಲ್ಲಿ ಮಿರ್ಜಾ ಸವಾರಿ ಮಾಡಿದ್ದು ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯನ್ನು. ಡ್ರೆಸಾಜ್ ಮತ್ತು ಕ್ರಾಸ್ ಕಂಟ್ರಿ ಮುಗಿದಾಗ 22.40 ದಂಡಾಂಕಗಳೊಂದಿಗೆ ಅವರು ಮುಂಚೂಣಿಯಲ್ಲಿದ್ದರು. ಷೋ ಜಂಪಿಂಗ್‌ನಲ್ಲಿ 4 ದಂಡಾಂಕ ಸೇರಿ ಮೊತ್ತ 26.40 ಆಯಿತು. ಜಪಾನಿನ ಯೊಶಿಯಾಕಿ ಒಇವಾ 22.70 ದಂಡಾಂಕಗಳೊಂದಿಗೆ ಚಿನ್ನ ಗೆದ್ದರು. ಚೀನಾದ ಹುವಾ ತಿಯಾನ್‌ಗೆ ಕಂಚು ದೊರೆಯಿತು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಮತ್ತು ಮಿರ್ಜಾ ಅವರಿದ್ದ ಭಾರತ ತಂಡ ಜಪಾನಿನ ನಂತರದ ಸ್ಥಾನ ಪಡೆದು ಬೆಳ್ಳಿ ಗಳಿಸಿತು.

ಗಾಯ ಮತ್ತು ಲಯಕ್ಕೆ ಮರಳಿಕೆ

ಏಷ್ಯನ್ ಕ್ರೀಡಾಕೂಟದ ನಂತರ ಸೆನ್ಯೂರ್ ಮೆಡಿಕಾಟ್ ಗಾಯಗೊಂಡು ದೀರ್ಘಕಾಲ ಸ್ಪರ್ಧೆಯಿಂದ ಹೊರಗುಳಿಯಿತು. ಈ ಕ್ರೀಡೆಯಲ್ಲಿ ಸವಾರನ ಲಯ ಅವನೊಬ್ಬನಿಗೆ ಸೇರಿದ್ದಲ್ಲ. ಕುದುರೆ ಲಾಯದಲ್ಲಿ ಉಳಿದರೆ ಸವಾರನೂ ಕಣದಿಂದ ಹೊರಗುಳಿಯಬೇಕಾಗುತ್ತದೆ. ಚೇತರಿಸಿಕೊಂಡ ಕುದುರೆಯನ್ನು ಕೂಡಲೇ ಹಾರಿಸುವಂತಿಲ್ಲ. ನಡಿಗೆ, ದುಡುಕಿನ ಓಟ, ನಾಗಾಲೋಟ, ಚಿಕ್ಕ ಬೇಲಿ ಎಂಬ ಕ್ರಮದಲ್ಲಿ ತಿಂಗಳುಗಟ್ಟಲೆ ಅದರ ಬಲವನ್ನು ಮರಳಿ ಕಟ್ಟಬೇಕಾಗುತ್ತದೆ.

ಆ ಅವಧಿಯಲ್ಲಿ ಮಿರ್ಜಾ ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್ ಎಂಬ ಕುದುರೆಗಳೊಂದಿಗೆ ಯುರೋಪಿನ ಸ್ಪರ್ಧೆಗಳಲ್ಲಿ ಪಾಲ್ಗೊಂಡು, ಆಗ್ನೇಯ ಏಷ್ಯಾ ಮತ್ತು ಓಷಿಯಾನಿಯಾ ವಲಯದಿಂದ ಒಲಿಂಪಿಕ್ ಸ್ಥಾನ ಗಳಿಸಿದರು. ಸ್ಥಾನ ದೊರೆತ ಮೇಲೂ ಸ್ಪರ್ಧೆಗೆ ಇಳಿಯುವ ಜೋಡಿ ಕನಿಷ್ಠ ಅರ್ಹತಾ ಮಟ್ಟವನ್ನು ಮುಟ್ಟಲೇಬೇಕೆಂಬ ನಿಯಮವಿದೆ. ಚೇತರಿಸಿಕೊಂಡ ಸೆನ್ಯೂರ್ ಮೆಡಿಕಾಟ್ ಮತ್ತು ಡಜಾರಾ 4 ಎರಡರೊಂದಿಗೂ 2021ರಲ್ಲಿ ಪೋಲೆಂಡ್‌ನ ಬಬೊರುವ್ಕೊದಲ್ಲಿ ಅವರು ಈ ಮಟ್ಟವನ್ನು ದೃಢಪಡಿಸಿಕೊಂಡರು. ಟೋಕಿಯೊಗೆ ಮೊದಲು ಡಜಾರಾ 4ರ ಹೆಸರು ಪ್ರಕಟವಾಗಿದ್ದರೂ ಅಂತಿಮವಾಗಿ ಆಯ್ಕೆಯಾದದ್ದು ಸೆನ್ಯೂರ್ ಮೆಡಿಕಾಟ್.

ಟೋಕಿಯೊ ಒಲಿಂಪಿಕ್ಸ್

1996ರ ಅಟ್ಲಾಂಟಾದಲ್ಲಿ ಇಂದ್ರಜಿತ್ ಲಾಂಬಾ ಮತ್ತು 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಬಳಿಕ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಭಾರತೀಯರು ಇರಲಿಲ್ಲ. ಟೋಕಿಯೊದಲ್ಲಿ ಮಿರ್ಜಾ ಡ್ರೆಸಾಜ್ ಹಂತವನ್ನು 28.00 ದಂಡಾಂಕಗಳೊಂದಿಗೆ ಮುಗಿಸಿ ಮೊದಲ ಹತ್ತರೊಳಗೆ ಇದ್ದರು. ಕ್ರಾಸ್ ಕಂಟ್ರಿಯಲ್ಲಿ ಅಡೆತಡೆಗಳನ್ನು ತಪ್ಪಿಲ್ಲದೆ ದಾಟಿದರೂ 28 ಸೆಕೆಂಡು ತಡವಾಗಿ 11.20 ದಂಡಾಂಕ ಸೇರಿತು. ಮೊದಲ ಜಂಪಿಂಗ್ ಸುತ್ತಿನ 8 ದಂಡಾಂಕಗಳೊಂದಿಗೆ ಮೊತ್ತ 47.20 ಆಯಿತು. 25 ಮಂದಿಗೆ ಮಾತ್ರ ಅವಕಾಶವಿದ್ದ ಅಂತಿಮ ಸುತ್ತಿಗೆ ಅವರು ಕೊನೆಯವರಾಗಿ ಪ್ರವೇಶ ಪಡೆದರು. ಅಲ್ಲಿನ 12.40 ಸೇರಿ ಒಟ್ಟು 59.60 ದಂಡಾಂಕಗಳೊಂದಿಗೆ 23ನೆಯವರಾಗಿ ಸ್ಪರ್ಧೆ ಮುಗಿಸಿದರು. ಆಗ ಕುದುರೆಗೆ 15 ವರ್ಷ.

ರಾಷ್ಟ್ರೀಯತೆಯ ಪ್ರಶ್ನೆ

ಮಿರ್ಜಾ ವರ್ಷಗಳ ಕಾಲ ಜರ್ಮನಿಯಲ್ಲಿ ನೆಲೆಸಿ ಅಭ್ಯಾಸ ನಡೆಸಿದರು. ಮೊದಲು ಬೆಟಿನಾ ಹಾಯ್, ಬಳಿಕ 2014ರ ವಿಶ್ವ ಚಾಂಪಿಯನ್ ಸಾಂಡ್ರಾ ಔಫಾರ್ತ್ ಅವರ ತರಬೇತುದಾರರಾಗಿದ್ದರು. ಕುದುರೆಯೂ ಯುರೋಪಿನದು, ತರಬೇತಿಯೂ ಯುರೋಪಿನದು ಎಂದಾಗ ಗೆಲುವು ಯಾವ ದೇಶದ್ದು ಎಂಬ ಪ್ರಶ್ನೆ ಏಳುವುದು ಸಹಜ.

ನಿಯಮದ ಪ್ರಕಾರ ಉತ್ತರ ಸ್ಪಷ್ಟವಾಗಿದೆ. ಒಲಿಂಪಿಕ್ಸ್‌ನಲ್ಲಿ ಕುದುರೆಯ ರಾಷ್ಟ್ರೀಯತೆಯನ್ನು ನಿರ್ಧರಿಸುವುದು ಅದು ಹುಟ್ಟಿದ ನೆಲವಲ್ಲ, ಅದರ ಒಡೆತನ. ನಿಗದಿತ ದಿನದೊಳಗೆ ಕುದುರೆ ಸವಾರನ ದೇಶದ ಮಾಲೀಕರ ಹೆಸರಿನಲ್ಲಿ ನೋಂದಣಿಯಾಗಿರಬೇಕು. ಮಿರ್ಜಾ ಅವರ ಕುದುರೆಗಳನ್ನು ಬೆಂಗಳೂರಿನ ಎಂಬೆಸಿ ಸಮೂಹ ಖರೀದಿಸಿತ್ತು.

ಯುರೋಪಿನಲ್ಲಿ ನೆಲೆಸುವುದು ಕೇವಲ ಆಯ್ಕೆಯ ವಿಷಯವೂ ಅಲ್ಲ. ಅಶ್ವರೋಗಗಳ ಕುರಿತ ನಿರ್ಬಂಧಗಳಿಂದಾಗಿ ಭಾರತದಲ್ಲಿರುವ ಕುದುರೆಗಳನ್ನು ಯುರೋಪಿನ ಸ್ಪರ್ಧೆಗಳಿಗೆ ಒಯ್ಯುವುದು ಬಹುಕಾಲ ದುಸ್ಸಾಧ್ಯವಾಗಿತ್ತು. ಅರ್ಹತಾ ಸ್ಪರ್ಧೆಗಳು ಹೆಚ್ಚಾಗಿ ನಡೆಯುವುದು ಅಲ್ಲಿಯೇ. 2025ರಲ್ಲಿ ಮೀರತ್ ದಂಡುಪ್ರದೇಶದ ರಿಮೌಂಟ್ ಪಶುವೈದ್ಯಕೀಯ ದಳದ ಕೇಂದ್ರದಲ್ಲಿ ರೂಪಿಸಿದ ಅಶ್ವರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತ ನಂತರ ಇಲ್ಲಿನ ಕುದುರೆಗಳು ಹೊರದೇಶದ ಕಣಕ್ಕೆ ಇಳಿಯುವ ದಾರಿ ತೆರೆದಿದೆ.

ಈ ಸ್ಥಿತಿ ಭಾರತಕ್ಕಷ್ಟೇ ಸೀಮಿತವಲ್ಲ. ಜಕಾರ್ತಾದ ವಿಜಯವೇದಿಕೆಯಲ್ಲಿ ಮಿರ್ಜಾ ಅವರ ಜೊತೆ ನಿಂತ ಒಇವಾ ಯುರೋಪಿನಲ್ಲಿ ನೆಲೆಸಿ ಅಭ್ಯಾಸ ಮಾಡಿದವರು. ಹುವಾ ತಿಯಾನ್ ಹುಟ್ಟಿದ್ದು ಲಂಡನ್‌ನಲ್ಲಿ. ಏರಿದ್ದು ಮೂರು ಏಷ್ಯನ್ ಧ್ವಜಗಳಾದರೂ ಮೂವರೂ ಪಳಗಿದ್ದು ಯುರೋಪಿನ ಕಣಗಳಲ್ಲಿ.